ಹೇಳದೆ ಉಳಿದ ಮೂರು ಹೆಸರು

“ಮೂರೇ ಹೆಸರು, ಎನಾಕ್. ಒಂದು ಉಸಿರಲ್ಲಿ ಮುಗಿದುಹೋಗುತ್ತೆ.”

ಡಾರ್ಕಸ್ ಗೂಸ್‌ಬೆರಿ ಕಾಯಿಗಳ ತೊಟ್ಟು ಚಿವುಟಿ ಬೋಗುಣಿಗೆ ಹಾಕುತ್ತಲೇ ಇದನ್ನು ಹೇಳಿದಳು. ತಲೆ ಎತ್ತಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಅವಳ ಎದುರಿಗೆ ಕೂತಿದ್ದ ಎನಾಕ್ ಲಾರ್ಟರ್ ತಾನೂ ಒಂದು ಹಿಡಿ ಕಾಯಿ ಎತ್ತಿಕೊಂಡಿದ್ದ. ಚಿವುಟುವುದು ಬಿಟ್ಟು ಅಂಗೈಯಲ್ಲಿ ಸುಮ್ಮನೆ ಉರುಳಿಸುತ್ತಿದ್ದ. ಬೆಳಗಾದರೆ ಅವರಿಬ್ಬರ ಮದುವೆ.

“ಒಂದು ಉಸಿರಲ್ಲಿ ಕೊಲೆನೂ ಮುಗಿಯುತ್ತೆ,” ಎಂದ.

“ದೊಡ್ಡ ದೊಡ್ಡ ಮಾತು ನಿನ್ನ ಲೇಖನಕ್ಕೆ ಇಟ್ಕೋ. ನನ್ನ ಹತ್ರ ಸಣ್ಣದಾಗಿ ಮಾತಾಡು.”

ಅವನಿಗೆ ನಗು ಬಂತು, ಆದರೆ ಪೂರ್ತಿ ಬರಲಿಲ್ಲ.

ಇಬ್ಬರೂ ನಾರಿಚ್ ಊರಿನ ಒಂದೇ ಸಭಾಮಂದಿರದಲ್ಲಿ, ಒಂದೇ ಬೆಂಚಿನ ಮೇಲೆ ಕಾಲು ಆಡಿಸುತ್ತ ಬೆಳೆದವರು. ದೇವರು ಒಬ್ಬನೇ, ಯೇಸು ಮನುಷ್ಯರಲ್ಲೆಲ್ಲ ದೊಡ್ಡವನು, ಆದರೆ ಮನುಷ್ಯನೇ, ಮೂವರು ಸೇರಿ ಒಬ್ಬ ಎನ್ನುವುದು ತಮ್ಮ ಬುದ್ಧಿಗೂ ಮನಸ್ಸಿಗೂ ಒಗ್ಗುವುದಿಲ್ಲ ಎನ್ನುವ ಜನ ಅವರದು. ಹಾಗೆಂದು ಬಾಯಿಬಿಟ್ಟು ಹೇಳುವುದೇ ಅಪರಾಧವೆಂಬ ಕಾನೂನು ಹೋಗಿ ಐದಾರು ವರ್ಷವಾಗಿತ್ತಷ್ಟೆ. ಈಗ ಹೇಳಬಹುದಿತ್ತು. ಆದರೆ ತಮ್ಮ ಮಂದಿರದಲ್ಲಿ, ತಮ್ಮ ಮಾತಿನಲ್ಲಿ ಮದುವೆಯಾಗುವಂತಿರಲಿಲ್ಲ. ಕ್ವೇಕರ್ ಪಂಥದವರಿಗೂ ಯೆಹೂದ್ಯರಿಗೂ ಅವರವರ ಪದ್ಧತಿ ಸಾಕೆಂದು ಸರ್ಕಾರ ಬಿಟ್ಟುಕೊಟ್ಟಿತ್ತು. ಉಳಿದವರು ಯಾರೇ ಆಗಲಿ, ತಮ್ಮ ಬೀದಿಯ ಸರ್ಕಾರಿ ಚರ್ಚಿಗೆ ಹೋಗಿ, ಅಲ್ಲಿನ ಪಾದ್ರಿಯ ಮುಂದೆ ನಿಂತು, ಅವರ ಪುಸ್ತಕದಲ್ಲಿದ್ದ ಮಾತನ್ನೇ ಹೇಳಬೇಕು. ಹೆಣ್ಣಿಗೆ ಅಷ್ಟು ಕಷ್ಟವಿಲ್ಲ. ಗಂಡು ಮಾತ್ರ ಉಂಗುರ ತೊಡಿಸುವಾಗ ‘ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ’ ಎನ್ನಬೇಕು.

ಹೋದ ವರ್ಷ ಸಮುದ್ರದಂಚಿನ ಒಂದೂರಿನಲ್ಲಿ ಅವರ ಪಂಥದ ಒಬ್ಬ ಹಗ್ಗ ಹೊಸೆಯುವವನು ಅದನ್ನು ಹೇಳಲಾರೆ ಎಂದಿದ್ದ. ಪಾದ್ರಿ ಪುಸ್ತಕ ಮುಚ್ಚಿ ಒಳಗೆ ಹೋಗಿಬಿಟ್ಟ. ಅವನ ಮದುಮಗಳನ್ನು ಬೀದಿಯ ಹೆಂಗಸರು ಇವತ್ತಿಗೂ ‘ಮುಕ್ಕಾಲು ಹೆಂಡತಿ’ ಎಂದು ಕರೆಯುತ್ತಾರಂತೆ.

“ನನಗೆ ಸಾಕಾಗಿದೆ ಕಣೋ,” ಎಂದಳು ಡಾರ್ಕಸ್. “ಸಣ್ಣವಳಿದ್ದಾಗ ಬೀದೀಲಿ ಕೆಸರು ಎರಚಿಸ್ಕೊಂಡಿದ್ದಾಯ್ತು. ಈಗ ನಾಲ್ಕು ಜನ ಕರೆದು ಕುರ್ಚಿ ಹಾಕ್ತಿದ್ದಾರೆ. ಕ್ರೋಫುಟ್ ಅಮ್ಮಾವ್ರು ನಾಳೆ ಚರ್ಚಿಗೆ ಬರ್ತಾರೆ. ಗುರುವಾರದವರೆಲ್ಲ ಬರ್ತಾರೆ. ಅವರೆದುರಿಗೆ ರಂಪ ಬೇಡ.”

ಲವಿನಿಯಾ ಕ್ರೋಫುಟ್ ತೀರಿಹೋದ ಒಬ್ಬ ವೈದ್ಯರ ಹೆಂಡತಿ. ಪ್ರತಿ ಗುರುವಾರ ಸಂಜೆ ಅವರ ಮನೆಯಲ್ಲಿ ಊರಿನ ಬರೆಯುವವರು, ಚಿತ್ರ ಬಿಡಿಸುವವರು ಸೇರುತ್ತಿದ್ದರು. ಅಲ್ಲಿ ಏನು ಬೇಕಾದರೂ ಮಾತಾಡಬಹುದಿತ್ತು; ಧರ್ಮವನ್ನು ಮಾತ್ರ ಒದ್ದೆ ಕೊಡೆಯ ಜೊತೆ ಬಾಗಿಲಲ್ಲೇ ಬಿಟ್ಟು ಬರಬೇಕಿತ್ತು. ನೇಕಾರ ವೇಕ್ಲಿಂಗ್‌ನ ಮಗಳು ಡಾರ್ಕಸ್‌ಳ ಕವಿತೆಗಳನ್ನು ಮೊದಲು ಗಟ್ಟಿಯಾಗಿ ಓದಿಸಿದ್ದು ಆ ಮನೆಯಲ್ಲಿ. ಈಗ ಪುಸ್ತಕ ಅಚ್ಚಾಗಬೇಕೆಂದು, ಕೊಳ್ಳುತ್ತೇವೆಂದು ಮುಂಚಿತವಾಗಿ ಹೆಸರು ಕೊಡುವವರನ್ನು ಹುಡುಕುತ್ತ ಆಕೆ ತಾವೇ ಗಾಡಿ ಕಟ್ಟಿಸಿಕೊಂಡು ಮನೆಮನೆ ತಿರುಗಿದ್ದರು. ಸರ್ ಪೆರೆಗ್ರಿನ್‌ರಂಥ ದೊಡ್ಡವರ ಹೆಸರೂ ಬಂದಿತ್ತು. ಎನಾಕ್ ಸಭಾಮಂದಿರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವನು. ಮನಸ್ಸು ಒಪ್ಪದ್ದನ್ನು ಬಾಯಿ ಹೇಳಬಾರದೆಂದು ಅವನು ಬರೆದ ಪ್ರಬಂಧ ಲಂಡನ್ನಿನ ಮಾಸಪತ್ರಿಕೆಯೊಂದರಲ್ಲಿ ಬಂದಾಗ ಕ್ರೋಫುಟ್ ಅಮ್ಮಾವ್ರು ಅದನ್ನು ಎರಡು ಸಲ ಓದಿ, “ಬರವಣಿಗೆ ಚೆನ್ನಾಗಿದೆ. ನೀವು ಅದನ್ನ ನಿಜವಾಗಿ ನಂಬದೇ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು,” ಎಂದಿದ್ದರು.

“ನಿನ್ನ ಪುಸ್ತಕಕ್ಕೋಸ್ಕರ ಅಂತಲಾ?” ಎಂದು ಎನಾಕ್ ಕೇಳಿದ. ಚುಚ್ಚಲು ಕೇಳಿದ್ದಲ್ಲ.

“ಪುಸ್ತಕಕ್ಕೂ ಹೌದು. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಅಷ್ಟೇ ಅಲ್ಲ. ಒಂದು ದಿನ, ಒಂದೇ ಒಂದು ದಿನ, ಎಲ್ಲರ ಥರ ಇರೋಣ ಅಂತ.”

“ಆಯ್ತು, ಹೇಳ್ತೀನಿ,” ಎಂದ ಎನಾಕ್. ಅಂಗೈಯಲ್ಲಿದ್ದ ಕಾಯಿಗಳನ್ನು ತೊಟ್ಟು ಸಮೇತ ಬೋಗುಣಿಗೆ ಸುರಿದು, ಟೋಪಿ ತೆಗೆದುಕೊಂಡು ಹೊರಟ. ಬೇಕಾದದ್ದು ಸಿಕ್ಕಿತಲ್ಲ ಎಂದು ಡಾರ್ಕಸ್ ಸಮಾಧಾನಪಟ್ಟುಕೊಂಡಳು. ಆದರೆ ಅವನು ಸುರಿದು ಹೋದ ಕಾಯಿಗಳನ್ನು ಆರಿಸಿ ತೆಗೆದು ಚಿವುಟುತ್ತಿದ್ದಾಗ ಯಾಕೋ ಅವಳ ಕೈ ನಿಧಾನವಾಯಿತು.

ಮರುದಿನ ಬೆಳಿಗ್ಗೆ ಅವಳ ತಾಯಿ ಕೆಜಾಯ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಮಗಳ ಕುತ್ತಿಗೆಯ ಪಟ್ಟಿ ಸರಿಮಾಡುತ್ತಿದ್ದಳು. ಬೂದುಬಣ್ಣದ ರೇಷ್ಮೆ ಬೆರೆತ ಉಡುಪು. ಬಟ್ಟೆ ಅಪ್ಪನ ಮಗ್ಗದ್ದೇ. ಅವನು ತೀರಿಕೊಳ್ಳುವ ಮುಂಚಿನ ಚಳಿಗಾಲದಲ್ಲಿ ನೇಯ್ದಿಟ್ಟದ್ದು.

“ಎನಾಕ್ ಹೇಳೋಕೆ ಒಪ್ಪಿದ್ನಂತೆ,” ಎಂದಳು ಕೆಜಾಯ, ಸೂಜಿಗಳ ಸಂದಿಯಿಂದ.

“ಹೂಂ. ಅಪ್ಪನೂ ಹೇಳಿರಲಿಲ್ವಾ? ಎಲ್ರೂ ಹೇಳ್ತಾರೆ.”

“ಹೇಳಿದ್ರು. ಜೋರಾಗೇ ಹೇಳಿದ್ರು.” ಕೆಜಾಯ ಕೊನೆಯ ಸೂಜಿ ಚುಚ್ಚಿ, ಹಿಂದೆ ಸರಿದು ನೋಡಿದಳು. “ಆಮೇಲೆ ಚರ್ಚಿನ ಹೊರಗೆ ಬಂದು ಗೋಡೆಗೆ ಕೈ ಊರಿ ವಾಂತಿ ಮಾಡ್ಕೊಂಡ್ರು. ಬಂದವರೆಲ್ಲ, ಪಾಪ, ರಾತ್ರಿ ಬಿಯರ್ ಜಾಸ್ತಿಯಾಗಿದೆ ಅಂತ ನಕ್ರು. ನಿಮ್ಮಪ್ಪ ಬಿಯರ್ ಮುಟ್ಟಿದವರೇ ಅಲ್ಲ.”

ಡಾರ್ಕಸ್ ಕನ್ನಡಿಯಲ್ಲೇ ತಾಯಿಯ ಮುಖ ಹುಡುಕಿದಳು. “ಇದನ್ನ ಯಾವತ್ತೂ ಹೇಳಲಿಲ್ವಲ್ಲಮ್ಮ.”

“ಗಂಡನ ವಾಂತಿ ವಿಷಯ ಮಗಳ ಹತ್ರ ಏನಂತ ಹೇಳೋದು? ಒಳ್ಳೇ ಗಂಡಸು. ನನ್ನ ಚೆನ್ನಾಗೇ ನೋಡ್ಕೊಂಡ್ರು. ಆದ್ರೆ ಮದುವೆ ದಿನದ ಮಾತು ಎತ್ತಿದ್ರೆ ಎದ್ದು ಮಗ್ಗದ ಹತ್ರ ಹೋಗಿಬಿಡೋರು. ನಾನೂ ಎತ್ತೋದು ಬಿಟ್ಟೆ. ನೆಟ್ಟಗೆ ನಿಲ್ಲು, ಪಟ್ಟಿ ಸೊಟ್ಟಗಾಗುತ್ತೆ.”

ಅಷ್ಟು ಹೇಳಿ ಅವಳು ಹಂದಿಮಾಂಸದ ಹೋಳುಗಳ ಮೇಲೆ ಬಟ್ಟೆ ಮುಚ್ಚಿದ್ದಾರೋ ಇಲ್ಲವೋ ನೋಡಲು ಅಡುಗೆಮನೆಗೆ ಹೋದಳು.

ಚರ್ಚಿನಲ್ಲಿ ಎಲ್ಲರೂ ಬಂದು ಕೂತರೂ ಕ್ರೋಫುಟ್ ಅಮ್ಮಾವ್ರ ಗಾಡಿ ಬರಲಿಲ್ಲ. ಮದುವೆ ಮಧ್ಯಾಹ್ನ ಹನ್ನೆರಡರ ಒಳಗೆ ಆಗಿಹೋಗಬೇಕೆಂಬುದು ನಿಯಮ. ಪಾದ್ರಿ ಸ್ಪಾರ್ಹಮ್ ಎರಡು ಸಲ ಹೊರಗೆ ಹೋಗಿ ಗೋಪುರದ ಗಡಿಯಾರ ನೋಡಿ ಬಂದರು. ಎಪ್ಪತ್ತರ ಹತ್ತಿರದ, ದುಂಡನೆಯ, ಸಾಧು ಮನುಷ್ಯ. ಗುರುವಾರದ ಕೂಟಕ್ಕೆ ತಪ್ಪದೆ ಬಂದು, ಜೇನುಹುಳುಗಳ ಮೇಲೆ ತಾವು ಬರೆಯುತ್ತಿದ್ದ ಮುಗಿಯದ ಮಹಾಕಾವ್ಯದ ಒಂದೊಂದು ತುಣುಕು ಓದುತ್ತಿದ್ದರು. ಕೊನೆಗೆ ಕೋಲೂರುತ್ತ ಬಂದ ಕ್ರೋಫುಟ್ ಅಮ್ಮಾವ್ರು ಕುದುರೆಯ ಲಾಳವನ್ನೋ ಗಾಡಿಯವನನ್ನೋ ಬಯ್ಯುತ್ತ ಮುಂದಿನ ಸಾಲಿನಲ್ಲಿ ಕೂತರು. ಮದುವೆ ಶುರುವಾಯಿತು.

ತಂದೆ ಇಲ್ಲದ್ದರಿಂದ ಸಭಾಮಂದಿರದ ಹಿರಿಯರೊಬ್ಬರು ಡಾರ್ಕಸ್‌ಳ ಕೈ ಹಿಡಿದು ಕೊಟ್ಟರು. ಅವಳು ತನ್ನ ಮಾತುಗಳನ್ನು ಸಲೀಸಾಗಿ ಹೇಳಿದಳು. ಪ್ರೀತಿಸುತ್ತೇನೆ, ಪಾಲಿಸುತ್ತೇನೆ, ವಿಧೇಯಳಾಗಿರುತ್ತೇನೆ. ಕೊನೆಯದನ್ನು ಹೇಳುವಾಗ ಎನಾಕ್‌ನ ತುಟಿಯ ಮೂಲೆ ಸ್ವಲ್ಪ ಅಲುಗಿತು. ಪಾದ್ರಿ ಪುಸ್ತಕದ ಮೇಲಿಂದ ಉಂಗುರ ಎತ್ತಿ ಅವನಿಗೆ ಕೊಟ್ಟು, ಒಂದೊಂದೇ ಮಾತು ಹೇಳಿಕೊಟ್ಟರು. ಎನಾಕ್ ಉಂಗುರವನ್ನು ಅವಳ ಬೆರಳಿನ ತುದಿಯಲ್ಲಿ ಹಿಡಿದು ಹೇಳುತ್ತಾ ಹೋದ.

“ಈ ಉಂಗುರದಿಂದ ನಿನ್ನನ್ನು ವರಿಸುತ್ತೇನೆ. ನನ್ನ ದೇಹದಿಂದ ನಿನ್ನನ್ನು ಗೌರವಿಸುತ್ತೇನೆ. ನನ್ನ ಲೌಕಿಕ ಸಂಪತ್ತನ್ನೆಲ್ಲ ನಿನಗೆ ಕೊಡುತ್ತೇನೆ.”

ಲೌಕಿಕ ಸಂಪತ್ತು ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವನ ಬಳಿ ಇದ್ದದ್ದು ಪುಸ್ತಕ ಮತ್ತು ಒಂದು ಒಳ್ಳೆಯ ಕೋಟು.

“ತಂದೆಯ,” ಎಂದರು ಪಾದ್ರಿ.

ಎನಾಕ್ ಬಾಯಿ ತೆರೆದ. ಅವನ ಕೈ ಡಾರ್ಕಸ್‌ಳ ಕೈಯಲ್ಲಿತ್ತು. ಆ ಕೈ ತಣ್ಣಗಾಗಿದ್ದು ಮೊದಲು ಅವಳಿಗೆ ಗೊತ್ತಾಯಿತು. ಆಮೇಲೆ ಮುಖ ನೋಡಿದಳು. ಮೇಲ್ದುಟಿಯ ಮೇಲೆ ಬೆವರು. ಕಣ್ಣು ಅವಳ ಮೇಲಿತ್ತು, ಆದರೆ ಅವಳನ್ನು ನೋಡುತ್ತಿರಲಿಲ್ಲ. ಕಹಿ ಔಷಧ ಕುಡಿಯುವ ಮಗು ಎಲ್ಲೋ ನೋಡುವ ಹಾಗೆ. ಇವನು ಹೇಳಿಬಿಡುತ್ತಾನೆ ಎಂದು ಅವಳಿಗೆ ಖಂಡಿತವಾಯಿತು. ಕೊಟ್ಟ ಮಾತಿಗೆ ತಪ್ಪುವವನಲ್ಲ. ಹೇಳುತ್ತಾನೆ, ಹೊರಗೆ ಬರುತ್ತಾನೆ, ಒಳ್ಳೆಯ ಗಂಡನಾಗಿರುತ್ತಾನೆ, ಮತ್ತು ಈ ದಿನದ ಮಾತು ಬಂದಾಗಲೆಲ್ಲ ಎದ್ದು ಹೋಗುತ್ತಾನೆ.

“ಬೇಡ,” ಎಂದಳು ಡಾರ್ಕಸ್.

ಮೆಲ್ಲಗೇ ಹೇಳಿದ್ದಳು. ಆದರೆ ಆ ಕಲ್ಲಿನ ಕಟ್ಟಡದಲ್ಲಿ ಮೆಲ್ಲಗೆ ಎಂಬುದೇ ಇರಲಿಲ್ಲ. ಅವಳ ಬೆನ್ನ ಹಿಂದೆ ಬಟ್ಟೆಗಳು ಸರಸರ ಎಂದವು.

ಪಾದ್ರಿ ಸ್ಪಾರ್ಹಮ್ ಗಾಬರಿಯಿಂದ ಕನ್ನಡಕದ ಮೇಲಿಂದ ನೋಡಿದರು. “ಏನಮ್ಮ? ಮದುವೆ ಬೇಡ್ವಾ?”

“ಮದುವೆ ಬೇಕು. ಆ ಮಾತು ಬೇಡ. ಇವರು ಅದನ್ನ ನಂಬಲ್ಲ, ನಾನೂ ನಂಬಲ್ಲ. ಹೇಳು ಅಂತ ನಿನ್ನೆ ಬಲವಂತ ಮಾಡಿದವಳು ನಾನೇ. ತಪ್ಪಾಯ್ತು.” ಕೊನೆಯ ಮಾತನ್ನು ಅವಳು ಪಾದ್ರಿಗಲ್ಲ, ಎನಾಕ್‌ಗೆ ಹೇಳಿದಳು.

ಎನಾಕ್ ಈಗ ಅವಳನ್ನು ನೋಡಿದ. ನೀರಿನಿಂದ ತಲೆ ಹೊರಗೆ ತೆಗೆದವನ ಹಾಗೆ ಒಂದು ದೀರ್ಘ ಉಸಿರು ಎಳೆದುಕೊಂಡ. “ದೇವರ ಹೆಸರಿನಲ್ಲಿ ಅಂತ ಹೇಳ್ತೀನಿ, ಸ್ವಾಮಿ. ಅದನ್ನ ಎಷ್ಟು ಸಲ ಬೇಕಾದ್ರೂ ಹೇಳ್ತೀನಿ. ಉಳಿದದ್ದು ನನ್ನಿಂದಾಗಲ್ಲ.”

“ಪುಸ್ತಕದಲ್ಲಿ ಹಾಗಿಲ್ವಲ್ಲಪ್ಪ.” ಪಾದ್ರಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು. “ನಾನು ನನ್ನ ಇಷ್ಟದ ಹಾಗೆ ಮದುವೆ ಮಾಡಿಸೋಕೆ ಬರುತ್ತಾ? ನಾಳೆ ಯಾರಾದ್ರೂ ಇದು ಮದುವೆನೇ ಅಲ್ಲ ಅಂದ್ರೆ? ನಿಮ್ಮ ಮಕ್ಕಳ ಗತಿ ಏನು? ನನ್ನ ಗತಿ ಏನು?” ಅವರು ಪುಸ್ತಕ ಮುಚ್ಚಿದರು. ಮುಚ್ಚಿದರು, ಆದರೆ ಆ ಪುಟದಲ್ಲಿ ಒಂದು ಬೆರಳು ಇಟ್ಟುಕೊಂಡೇ ಇದ್ದರು.

ಹಿಂದೆ ಕೋಲು ನೆಲಕ್ಕೆ ತಾಗಿದ ಸದ್ದಾಯಿತು. ತಿರುಗಿ ನೋಡದೆಯೂ ಅದು ಯಾರ ಕೋಲೆಂದು ಡಾರ್ಕಸ್‌ಗೆ ತಿಳಿಯಿತು. ಹೋಯಿತು, ಎಂದುಕೊಂಡಳು. ಪುಸ್ತಕ ಹೋಯಿತು, ಗುರುವಾರ ಹೋಯಿತು, ಕ್ರೋಫುಟ್ ಅಮ್ಮಾವ್ರ ಮನೆಯ ಕಿಟಕಿಯ ಪಕ್ಕದ ತನ್ನ ಕುರ್ಚಿಯೂ ಹೋಯಿತು. ಆಶ್ಚರ್ಯವೆಂದರೆ, ಎಣಿಸಿ ನೋಡಿದರೆ ಅಷ್ಟು ನೋವಾಗಲಿಲ್ಲ. ಎನಾಕ್‌ನ ಕೈ ಬೆಚ್ಚಗಾಗುತ್ತಿತ್ತು.

ಕ್ರೋಫುಟ್ ಅಮ್ಮಾವ್ರು ಬಲಿಪೀಠದ ಮುಂದಿನ ಕಂಬಿಯ ತನಕ ಬಂದು ನಿಂತರು. ಮುಖ ಕೆಂಪಾಗಿತ್ತು.

“ಡಾರ್ಕಸ್, ಇದನ್ನ ನನ್ನ ಕಣ್ಣೆದುರಿಗೇ ಮಾಡಬೇಕಾಗಿತ್ತಾ? ಹಿಂದಿನ ದಿನ ಒಂದು ಮಾತು ಹೇಳಿದ್ರೆ ನಾನು ನೆಗಡಿ ಅಂತ ಮನೇಲೇ ಇರ್ತಿದ್ದೆ.”

“ಹಿಂದಿನ ದಿನ ನನಗೇ ಗೊತ್ತಿರಲಿಲ್ಲ, ಅಮ್ಮಾವ್ರೇ.”

“ಗೊತ್ತಿರಬೇಕಾಗಿತ್ತು.” ಆಕೆ ಪಾದ್ರಿಯ ಕಡೆ ತಿರುಗಿದರು. “ಮಿಸ್ಟರ್ ಸ್ಪಾರ್ಹಮ್, ಈಗೇನು ಮಾಡ್ತೀರಿ? ಇವಳನ್ನ ಹೀಗೇ ಅರ್ಧಕ್ಕೆ ನಿಲ್ಲಿಸ್ತೀರಾ? ಹೆಣ್ಣು ಒಪ್ಪಿಸಿದ್ದಾಯ್ತು, ಪ್ರತಿಜ್ಞೆ ಆಯ್ತು, ಉಂಗುರ ಬೆರಳ ತುದೀಲಿದೆ. ಮುಂದಿನ ಗುರುವಾರ ನಮ್ಮನೇಗೆ ಬಂದ್ರೆ ಇವಳನ್ನ ಜನಕ್ಕೆ ಏನಂತ ಪರಿಚಯ ಮಾಡಿಸ್ಲಿ? ಕುಮಾರಿ ವೇಕ್ಲಿಂಗ್ ಅನ್ಲಾ, ಶ್ರೀಮತಿ ಲಾರ್ಟರ್ ಅನ್ಲಾ? ಯಾರ ಪಕ್ಕ ಕೂರಿಸ್ಲಿ?”

“ಅದು ಅಷ್ಟು ಮುಖ್ಯ ಅಲ್ಲ, ಅಮ್ಮ. ಇಲ್ಲಿರೋ ಪ್ರಶ್ನೆ—”

“ನನಗೆ ಮುಖ್ಯ. ಯಾವ ದೇವರನ್ನ ಬೇಕಾದ್ರೂ ನಂಬಲಿ, ನಂಬದೇ ಇರ್ಲಿ, ಅದು ಅವರವರ ಹಣೆಬರಹ. ಇನ್ನೂ ಮದುವೆಯಾಗಿಲ್ವೋ ಆಗಿದೆಯೋ ಅಂತ ಗೊತ್ತಾಗದ ಹೆಣ್ಣನ್ನ ನಾನು ಮನೇಲಿ ಕೂರಿಸೋಕಾಗಲ್ಲ.” ಆಕೆ ದನಿ ತಗ್ಗಿಸಿದರು. ಆದರೂ ಎಲ್ಲರಿಗೂ ಕೇಳಿತು. “ನಾನು ಇದೇ ಕಲ್ಲಿನ ಮೇಲೆ ನಿಂತು ಡಾಕ್ಟರಿಗೆ ವಿಧೇಯಳಾಗಿರ್ತೀನಿ ಅಂದೆ. ಮದುವೆ ಮಾಡಿಸಿದವರು ನೀವೇ. ಆಗ ನೀವು ಸಣ್ಣ ಪಾದ್ರಿ. ನೀವು ನಂಬಿದ್ರಾ?”

“ಇಲ್ಲ,” ಎಂದರು ಪಾದ್ರಿ ಪ್ರಾಮಾಣಿಕವಾಗಿ.

“ಡಾಕ್ಟರೂ ನಂಬಿರಲಿಲ್ಲ. ಆದ್ರೂ ಮದುವೆ ಮದುವೆನೇ ಆಗಿತ್ತು.”

ಮೇಲೆ ಗೋಪುರದಲ್ಲಿ ಗಡಿಯಾರದ ಯಂತ್ರ ಕರಕರ ಎಂದು ತಿರುಗಿತು. ಹನ್ನೊಂದೂ ಮುಕ್ಕಾಲಿನ ಬಡಿತ. ಕೆಜಾಯ ತನ್ನ ಜಾಗದಲ್ಲಿ ಎದ್ದು ನಿಂತಿದ್ದಳು. ಎರಡೂ ಕೈಯಿಂದ ಮುಂದಿನ ಬೆಂಚನ್ನು ಹಿಡಿದುಕೊಂಡಿದ್ದಳು.

ಪಾದ್ರಿ ಎನಾಕ್‌ನ ಹತ್ತಿರ ಬಂದರು. ಗುರುವಾರ ಸಂಜೆ ಪದ್ಯದ ಒಂದು ಸಾಲಿನ ಬಗ್ಗೆ ಕೇಳುವ ಧಾಟಿಯಲ್ಲೇ ಕೇಳಿದರು. “ಒಂದು ವಿಷಯ ಹೇಳಪ್ಪ. ಹೇಳಿಬಿಟ್ಟಿದ್ರೆ ಏನಾಗ್ತಿತ್ತು? ಯಾರಿಗೆ ಗೊತ್ತಾಗ್ತಿತ್ತು?”

“ಆ ಮೂರು ಹೆಸರಲ್ಲಿ ಒಂದು ಹೆಸರಿನವನಿಗೆ ಗೊತ್ತಾಗ್ತಿತ್ತು, ಸ್ವಾಮಿ,” ಎಂದ ಎನಾಕ್. “ಅವನನ್ನ ನಾನೂ ನಂಬ್ತೀನಿ.”

ಮುದುಕರು ತಲೆ ತಗ್ಗಿಸಿದರು. ಬೆರಳಿಟ್ಟಿದ್ದ ಪುಟ ಮತ್ತೆ ತೆರೆದರು, ಆದರೆ ಓದಲಿಲ್ಲ.

“ನಾನು ನಲವತ್ತು ವರ್ಷದ ಮೇಲಾಯ್ತು ಈ ಮಾತು ಹೇಳಿಕೊಡ್ತಾ,” ಎಂದರು. “ಗಿಳಿ ಹಾಗೆ ಹೇಳ್ತಾರೆ. ಕೆಲವರು ಆಕಳಿಸ್ತಾ ಹೇಳಿದ್ದಾರೆ. ಒಬ್ಬ ಹುಡುಗಿಯ ಭುಜದ ಮೇಲಿಂದ ಅವಳ ತಂಗಿಯನ್ನ ನೋಡ್ತಾ ಹೇಳಿದ. ಇದನ್ನ ಹೇಳೋಕೆ ಹೆದರಿ ಬೆವತವನನ್ನ ಇವತ್ತೇ ನೋಡಿದ್ದು. ನೀನು ತಪ್ಪು ಅಂತಲೇ ನನ್ನ ನಂಬಿಕೆ. ತಿಳ್ಕೋ. ದೊಡ್ಡ ತಪ್ಪು.”

“ಗೊತ್ತು, ಸ್ವಾಮಿ.”

“ಆದ್ರೆ ನನಗೆ ಇದರಲ್ಲಿ ನಂಬಿಕೆ ಇದೆ. ನನ್ನ ನಾಲಿಗೆಗೆ ಇದು ಭಾರ ಅಲ್ಲ. ನಿನ್ನ ಪಾಲಿಂದೂ ನಾನೇ ಹೇಳ್ತೀನಿ. ಮಾತು ಈ ಚರ್ಚಿನಲ್ಲಿ ಕೇಳಬೇಕು, ಕೇಳುತ್ತೆ. ಯಾರ ಬಾಯಿಂದ ಅಂತ ಕೇಳಿದವರಿಗೆ ನಾನು ಉತ್ತರ ಕೊಡ್ತೀನಿ. ನೀನು ಉಂಗುರ ಹಾಕು. ಬಾಯಿ ಮುಚ್ಕೊಂಡು ಹಾಕು.”

ಅವರು ಕಣ್ಣು ಮುಚ್ಚಿ, ಪುಸ್ತಕ ನೋಡದೆ, ಗಟ್ಟಿಯಾಗಿ ಹೇಳಿದರು: “ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ. ಆಮೆನ್.” ಆ ಮಾತಿನ ಒಳಗೆ ಇಷ್ಟು ಪ್ರೀತಿ ಇರಬಹುದೆಂದು ಡಾರ್ಕಸ್‌ಗೆ ಈ ತನಕ ಗೊತ್ತಿರಲಿಲ್ಲ. ಅವಳಿಗೆ ನಂಬಿಕೆ ಬರಲಿಲ್ಲ. ಆದರೆ ತಲೆ ಬಾಗಿತು. ಉಂಗುರ ಗೆಣ್ಣಿನ ಹತ್ತಿರ ಸ್ವಲ್ಪ ತಡೆದು, ಆಮೇಲೆ ಒಳಗೆ ಕೂತಿತು. ಹಿಂದೆ ಕೆಜಾಯ ಮೂಗು ಒರೆಸಿಕೊಂಡ ಸದ್ದು ಕೇಳಿತು.

ದಾಖಲೆ ಪುಸ್ತಕದಲ್ಲಿ ಸಹಿ ಹಾಕಿ ಹೊರಗೆ ಬಂದಾಗ ಹನ್ನೆರಡು ಬಡಿಯುತ್ತಿತ್ತು. ಗುರುವಾರದವರಲ್ಲಿ ಇಬ್ಬರು ಮೂವರು ನಮಸ್ಕಾರವನ್ನೂ ಹೇಳದೆ, ಬಿಸಿಲಿಗೆ ಟೋಪಿ ಇಳಿಸಿಕೊಂಡು ಹೊರಟುಹೋದರು. ಉಳಿದವರು ಬೇಕಾದ್ದಕ್ಕಿಂತ ಜೋರಾಗಿ ಹವೆಯ ಬಗ್ಗೆ ಮಾತಾಡಿದರು. ಎನಾಕ್ ಗೋಡೆಯ ಹತ್ತಿರ ನಿಂತು ಹಿರಿಯರೊಬ್ಬರ ಕೈ ಕುಲುಕುತ್ತಿದ್ದ. ಅವನ ಮುಖಕ್ಕೆ ಬಣ್ಣ ಬಂದಿತ್ತು. ಯಾರೋ ಏನೋ ಅಂದದ್ದಕ್ಕೆ ತಲೆ ಹಿಂದಕ್ಕೆ ಹಾಕಿ ನಕ್ಕ.

ಗಾಡಿ ಹತ್ತುವ ಮುಂಚೆ ಕ್ರೋಫುಟ್ ಅಮ್ಮಾವ್ರು ಡಾರ್ಕಸ್‌ಳನ್ನು ಪಕ್ಕಕ್ಕೆ ಕರೆದರು.

“ಸರ್ ಪೆರೆಗ್ರಿನ್ ಹೆಸರು ಹೋಗುತ್ತೆ. ಸಂಜೆಯೊಳಗೆ ಅವರ ಕಿವಿಗೆ ಬೀಳುತ್ತೆ. ಇನ್ನೂ ಕೆಲವರು ಹೋಗ್ತಾರೆ.”

“ಹೋಗ್ಲಿ, ಅಮ್ಮಾವ್ರೇ. ನಿಮಗೆ ತೊಂದರೆ ಕೊಟ್ಟೆ.”

“ಕೊಟ್ಟೆ. ಅವರ ಹೆಂಡತಿ ಹೆಸರು ಉಳಿಯುತ್ತೆ. ಪದ್ಯ ಓದೋಳು ಅವಳು. ಅವರು ಓದೋದು ಕುದುರೆ ಸುದ್ದಿ.” ಆಕೆ ಕೈಗವಸು ಎಳೆದುಕೊಂಡರು. “ಪುಸ್ತಕ ಸಣ್ಣದಾಗುತ್ತೆ, ಬೈಂಡು ಅಗ್ಗದ್ದಾಗುತ್ತೆ. ಮತ್ತೆ ಈ ಗುರುವಾರ ಬರಬೇಡಿ. ಜನ ನಿಮ್ಮ ಬಗ್ಗೆ ಮಾತಾಡಿ ಮುಗಿಸಲಿ. ನೀವು ಎದುರಿಗಿದ್ರೆ ಅವರಿಗೆ ಮಾತಾಡೋಕೆ ಆಗಲ್ಲ. ಅದರ ಮುಂದಿನ ವಾರ ಇಬ್ರೂ ಬನ್ನಿ.”

“ಬರ್ತೀವಿ.”

“ವಿಧೇಯಳಾಗಿರ್ತೀನಿ ಅಂದಾಗ ಮಾತ್ರ ನೀನು ಬೇಡ ಅನ್ನಲಿಲ್ಲ, ಗಮನಿಸಿದೆ,” ಎಂದು ಆಕೆ ಗಾಡಿಯೊಳಗಿಂದ ಹೇಳಿದರು. ಬಾಗಿಲು ಮುಚ್ಚಿಕೊಂಡಿತು.

ಕೆಜಾಯ ಊಟಕ್ಕೆ ಹೊತ್ತಾಯಿತೆಂದು ಮುಂದೆ ಓಡಿದಳು. ಗಂಡ ಹೆಂಡತಿ ಇಬ್ಬರೇ ಹೊಳೆಯ ದಾರಿ ಹಿಡಿದರು. ಸೇತುವೆಯ ಮಧ್ಯಕ್ಕೆ ಬಂದಾಗ ಎನಾಕ್ ನಿಂತು, “ನನಗೆ ಎಷ್ಟು ಹಸಿವಾಗಿದೆ ಗೊತ್ತಾ?” ಎಂದ. ಅವಳು ನಕ್ಕಳು. ನಗು ಶುರುವಾದದ್ದು ನಿಲ್ಲದೆ, ಕಣ್ಣಲ್ಲಿ ನೀರು ಬಂದು, ಕಟ್ಟೆ ಹಿಡಿದುಕೊಂಡು ನಿಲ್ಲಬೇಕಾಯಿತು. ಅವನು ಕಾದ.

ಕೆಳಗೆ ಶಾಲಿಗೆ ಬಣ್ಣ ಹಾಕುವವರು ಆ ಹೊತ್ತಿಗೆ ಕಡಾಯಿ ತೊಳೆದ ನೀರನ್ನು ಹೊಳೆಗೆ ಬಿಟ್ಟಿದ್ದರು. ಹೊಳೆಯ ಅರ್ಧ ಮಗ್ಗುಲು ದಂಡೆಗುಂಟ ಕೆಂಪಾಗಿ, ಇನ್ನರ್ಧ ತನ್ನ ಪಾಡಿಗೆ ತಾನು ತಿಳಿಯಾಗಿ ಹರಿಯುತ್ತಿತ್ತು. ಮೊಣಕೈ ತನಕ ಕೆಂಪಾಗಿದ್ದ ಒಬ್ಬ ಆಳು ನೀರಿಗಿಳಿದು ಉದ್ದನೆಯ ಬಟ್ಟೆಯೊಂದನ್ನು ಜಾಲಾಡುತ್ತಿದ್ದ. ಮೇಲೆ ನಿಂತವರ ಹೊಸ ಬಟ್ಟೆ ನೋಡಿ ಆ ಕೈಯನ್ನೇ ಎತ್ತಿ ಬೀಸಿದ. ಸೇತುವೆಯ ಕೆಳಗಿನಿಂದ ಬಿಳಿಯ ಬಾತುಕೋಳಿಗಳ ಒಂದು ಸಾಲು ಹೊರಬಂತು. ಕೆಂಪು ನೀರನ್ನು ಹಾದು ಬಂದ ಅವುಗಳ ಎದೆ ನಸುಗೆಂಪಾಗಿತ್ತು. ಅವು ಅದನ್ನು ಗಮನಿಸದೆ, ಒಂದರ ಹಿಂದೆ ಒಂದು, ಬಿಸಿಲಿದ್ದ ಕಡೆಗೆ ತೇಲುತ್ತ ಹೋದವು.